ಹೋಟೆಲಿನೊಳಗಿನ ಮಗ್ಗದ ಕುಣಿ

ನಮ್ಮ ಹೋಟೆಲಿಗೆ ಮೊದಲ ಸಲ ಬಂದವರು ಕೇಕಿನ ಗಾಜಿನ ಪೆಟ್ಟಿಗೆಗಿಂತ ಮೊದಲು ನನ್ನ ಮಾವನವರನ್ನು ನೋಡುತ್ತಾರೆ. ಬಾಗಿಲ ಬಲಗಡೆ, ನೆಲಕ್ಕೆ ಹತ್ತಿಕೊಂಡಂತಿರುವ ಒಂದು ಹಲಗೆಯ ಹಿಂದೆ ಅವರು ಕೂತಿರುತ್ತಾರೆ. ಸೊಂಟದಿಂದ ಮೇಲೆ ಮಾತ್ರ ಕಾಣುತ್ತಾರೆ. ಹೀಗಾಗಿ ಮುದುಕರಿಗೆ ಕಾಲೇ ಇಲ್ಲ ಎಂದುಕೊಂಡವರು ಬಹಳ ಮಂದಿ. ಶಿರಹಟ್ಟಿಯಿಂದ ಬಂದ ಒಬ್ಬ ಹೆಣ್ಣುಮಗಳು ಒಮ್ಮೆ ನನ್ನನ್ನು ಬದಿಗೆ ಕರೆದು, ಹಿರಿಯರಿಗೆ ಏನಾಗಿತ್ತು, ಲಾರಿ ಹಾಯ್ದಿತ್ತೇ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು. ಅದು ಮಾವನವರ ಕಿವಿಗೆ ಬಿತ್ತು. ಅವರು ಎರಡೂ ಕಾಲು ಮೇಲೆತ್ತಿ ಹಲಗೆಯ ಮೇಲೆ ಚಾಚಿ ತೋರಿಸಿದರು, ಮತ್ತೆ ಕೆಳಗಿಳಿಸಿ ಕೇಕಿನ ಪೆಟ್ಟಿಗೆಗೆ ನೂಲು ಕಟ್ಟುವ ತಮ್ಮ ಕೆಲಸಕ್ಕೆ ಹತ್ತಿದರು.

ಅವರು ಕಾಲು ಇಳಿಬಿಟ್ಟು ಕೂರುವುದು ಮಗ್ಗದ ಕುಣಿಯಲ್ಲಿ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಪಡಸಾಲೆಯ ನೆಲ ತೋಡಿ ಮಗ್ಗ ಹೂಡುತ್ತಿದ್ದರು. ನೇಯುವವರು ಕುಣಿಯ ದಂಡೆಯ ಮೇಲೆ ಕೂತು, ಕಾಲು ಒಳಗೆ ಬಿಟ್ಟು ತುಳಿಯುತ್ತಿದ್ದರು. ನಮ್ಮ ಮನೆಯಲ್ಲಿ ಮಗ್ಗ ಹೋಯಿತು, ಕುಣಿ ಉಳಿಯಿತು. ಯಾಕೆ ಮುಚ್ಚಿಸಲಿಲ್ಲ ಎಂದು ಕೇಳಿದವರಿಗೆಲ್ಲ ಏನೋ ಒಂದು ಹಾರಿಕೆಯ ಉತ್ತರ ಕೊಟ್ಟು ಕಳಿಸಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಮೇಲಾಗಿ ಗಿರಾಕಿಗಳ ಮುಂದೆ ಎದೆ ಬಿಚ್ಚಿಕೊಳ್ಳುವ ಚಟವೂ ಇಲ್ಲ. ಇಲ್ಲಿ ಮಾತ್ರ ಇದ್ದದ್ದು ಇದ್ದಂತೆ ಹೇಳುತ್ತೇನೆ.

ನಾನು ಹುಟ್ಟಿದ್ದು ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯಲ್ಲಿ. ಊರ ಸುತ್ತ ಹೊಲ, ಊರೊಳಗೆ ನಮ್ಮಂಥ ನೇಕಾರರ ಕೆಲವು ಮನೆ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಮಗ್ಗ ಕಿತ್ತು ಹಾಕಿದರು. ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತರಿಸಿ ಕುಣಿ ಮುಚ್ಚಿಸಿ, ಮೇಲೆ ಫರಸಿ ಕಲ್ಲು ಕೂರಿಸಿದರು. ಆಮೇಲೆ ಲಕ್ಷ್ಮೇಶ್ವರದ ಒಂದು ಗೋದಾಮಿಗೆ ಕಾವಲಿಗೆ ಹೋಗತೊಡಗಿದರು. ಮನೆಗೆ ಬಂದರೆ ಮಾತ್ರ ಅದೇ ಜಾಗ, ಅದೇ ಫರಸಿಯ ಮೇಲೆ ಕೂರುತ್ತಿದ್ದರು. ಕೂತರೆ ಕಾಲನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಡಚಿದರೆ ಮೊಣಕಾಲು ನೋವು, ಚಾಚಿದರೆ ಓಡಾಡುವವರಿಗೆ ಅಡ್ಡ. ಅವ್ವ ದಾಟಿ ದಾಟಿ ಬೇಸತ್ತು ಬೈಯುತ್ತಿದ್ದಳು. ಅಪ್ಪ ಬಹಳ ದಿನ ಬದುಕಲಿಲ್ಲ. ಗರಸು ಹಾಕಿದ್ದಕ್ಕೆ ಸತ್ತರು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನನಗೆ ಹಾಗನ್ನಿಸಿದ್ದು ಇವತ್ತಿಗೂ ಹೋಗಿಲ್ಲ.

ಮದುವೆಯಾಗಿ ಬೆಟಗೇರಿಗೆ ಬಂದಾಗ ಗಂಡ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮಗ್ಗದ ಮೇಲೆ ಮಾವನವರೊಬ್ಬರೇ. ಅತ್ತೆ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುತ್ತಿದ್ದರು. ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಎಲ್ಲ ಮನೆಯಿಂದಲೂ ಮಗ್ಗದ ಸಪ್ಪಳ ಬರುತ್ತಿತ್ತಂತೆ. ನಾನು ಬರುವ ಹೊತ್ತಿಗೆ ನಮ್ಮ ಮನೆಯ ಸಪ್ಪಳ ಕೇಳಿ ಹುಡುಗರು ಕಿಟಕಿಗೆ ಬಂದು ನೋಡುವಂತಾಗಿತ್ತು.

ಕೇಕು ಮಾಡುವುದನ್ನು ನಾನು ಕಲಿತದ್ದು ಹಟಕ್ಕೆ. ಮಗಳ ಹುಟ್ಟುಹಬ್ಬಕ್ಕೆ ಅಂಗಡಿಯ ಕೇಕು ತರುತ್ತೇವೆಂದರೆ ಅತ್ತೆ ಒಪ್ಪಲಿಲ್ಲ, ಅದರಲ್ಲಿ ತತ್ತಿ ಇರುತ್ತದೆ. ತತ್ತಿ ನಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹಾಗಾದರೆ ನಾನೇ ಮಾಡುತ್ತೇನೆ ಎಂದೆ. ದೊಡ್ಡ ಬೋಗುಣಿಗೆ ಉಸುಕು ತುಂಬಿ ಒಲೆಯ ಮೇಲೆ ಕಾಯಿಸಿ, ಒಳಗೆ ಡಬ್ಬಿ ಇಟ್ಟು, ಮೊಸರು ಸೋಡಾ ಹಾಕಿದ ಹಿಟ್ಟು ಸುರಿದು ಮುಚ್ಚಿದೆ. ತೆಗೆದಾಗ ತಳ ಇದ್ದಿಲು, ನಡುವೆ ಅಂಬಲಿ. ಅತ್ತೆ ಡಬ್ಬಿಯೊಳಗೆ ಇಣುಕಿ, ಇದನ್ನು ತಿನ್ನಬೇಕೋ ಇದಕ್ಕೆ ಊದುಬತ್ತಿ ಹಚ್ಚಬೇಕೋ ಎಂದು ಕೇಳಿದರು. ಆ ಮಾತು ನನಗೆ ಹತ್ತಿತು. ಕೇಕು ಸರಿಯಾಗಿ ಉಬ್ಬುವ ತನಕ ನಾನು ಬಿಡಲಿಲ್ಲ. ಸುಟ್ಟದ್ದು, ಕುಸಿದದ್ದು, ಒಡೆದದ್ದು ಎಲ್ಲವನ್ನೂ ಓಣಿಯ ಮಕ್ಕಳು ತಿಂದರು. ಪಾಪ, ಅವರ ಹೊಟ್ಟೆಗೆ ದೇವರು ಒಳ್ಳೆಯದು ಮಾಡಲಿ.

ಆಮೇಲೆ ಒಂದು ಸಣ್ಣ ಓವನ್ ಬಂತು. ಜೋಳದ ಹಿಟ್ಟಿಗೆ ಬೆಲ್ಲ, ತುಪ್ಪ, ಹೊಂಬಳದ ಕಡೆಯ ಹುರಿದ ಶೇಂಗಾ ಹಾಕಿ ನಾನು ಮಾಡಿದ ಕೇಕು ಬಾಯಿಂದ ಬಾಯಿಗೆ ಹರಡಿತು. ಮಿರ್ಚಿ ಭಜಿಯ ಮುಂದೆ ಕೇಕು ಯಾವ ಗಿಡದ ತೊಪ್ಪಲು ಎನ್ನುವ ಊರು ನಮ್ಮದು. ಆದರೂ ಬೇಡಿಕೆ ಬಂತು. ಶಿರಹಟ್ಟಿಗೆ, ಮುಂಡರಗಿಗೆ, ತವರಿನ ಕಡೆಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ. ಬಾಗಿಲಲ್ಲಿ ಕೊಡುವುದು, ತಿರುಗಿ ಬಸ್ಸು ಹತ್ತುವುದು. ನಾನು ಮಾಡಿದ್ದನ್ನು ಯಾರು ಹೇಗೆ ತಿಂದರೋ ನನಗೆ ಗೊತ್ತಾಗುತ್ತಿರಲಿಲ್ಲ.

ಗೊತ್ತಾದದ್ದು ಕೊರ್ಲಹಳ್ಳಿಯಲ್ಲಿ. ಹೊಳೆಯ ದಂಡೆಯ ಆ ಊರಿನ ಒಂದು ಒಕ್ಕಲುತನದ ಮನೆಗೆ ಕೂಸಿನ ಹೆಸರಿಡುವ ದಿನ ಕೇಕು ಒಯ್ದಿದ್ದೆ. ಬೇಸಿಗೆ, ಮೇಲೆ ಹಾಕಿದ ಕ್ರೀಮು ಮುಂಡರಗಿ ದಾಟುವಷ್ಟರಲ್ಲಿ ಇಳಿದು ಹೋಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಆ ಮನೆಯ ಹಿರಿಯವ್ವ ಪೆಟ್ಟಿಗೆ ತೆರೆದು ನೋಡಿ, ಬೆಣ್ಣೆ ಕರಗದೆ ಕಲ್ಲು ಕರಗುತ್ತದೇನು ಎಂದು ನಕ್ಕು, ನನ್ನನ್ನೇ ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿದಳು. ರೊಟ್ಟಿ, ಪಲ್ಯ, ಆಮೇಲೆ ಎಲ್ಲರ ಎಲೆಗೂ ನನ್ನ ಕೇಕು. ಎದುರಿಗೆ ಕೂತ ಒಬ್ಬ ಮುದುಕರು ಮೊದಲು ಬೆರಳಿಂದ ಒತ್ತಿ ನೋಡಿದರು, ಚೂರು ಮುರಿದು ಬಾಯಿಗಿಟ್ಟುಕೊಂಡರು, ಕಣ್ಣು ಮುಚ್ಚಿ ನುಂಗಿದರು, ಉಳಿದದ್ದನ್ನು ಮೊಮ್ಮಗಳ ಎಲೆಗೆ ಹಾಕಲು ಹೋಗಿ ಮನಸ್ಸು ಬದಲಿಸಿ ತಾವೇ ತಿಂದುಬಿಟ್ಟರು. ನನಗೆ ಬಹಳ ಸಂತೋಷವಾಯಿತು. ಜನ ನನ್ನ ಕಣ್ಣ ಮುಂದೆ ಕೂತು ತಿನ್ನಬೇಕು, ನಾನು ಬಡಿಸಬೇಕು ಎಂಬ ಆಸೆ ಅಲ್ಲಿ ಹುಟ್ಟಿತು. ಪೆಟ್ಟಿಗೆ ಕಟ್ಟಿ ಕೊಡುವ ಕೆಲಸ ಅವತ್ತಿನಿಂದ ಸಪ್ಪೆಯಾಯಿತು.

ಆಸೆಗೆ ತಕ್ಕ ಕೈ ಬೇಕಲ್ಲ. ಗದಗಿನ ಒಂದು ಹಳೆಯ ಬೇಕರಿಯಲ್ಲಿ ಹಗಲು ಹೊತ್ತು ಕೆಲಸಕ್ಕೆ ನಿಂತೆ. ದೊಡ್ಡ ಭಟ್ಟಿಯ ಉರಿ, ಖಾರಿ ಬಿಸ್ಕತ್ತಿನ ಪದರು, ಬಿಸಿಲಿಗೆ ಕರಗದ ಹಾಗೆ ಕ್ರೀಮು ತಿರುವುವ ಹದ ಎಲ್ಲ ಅಲ್ಲಿ ಕಲಿತೆ. ಮದುವೆಯ ದೊಡ್ಡ ಕೇಕುಗಳನ್ನು ನನಗೇ ಬಿಡತೊಡಗಿದರು. ಸ್ವಂತದ್ದು ಮಾಡಲು ಧೈರ್ಯ ಬಂದಾಗ ಜಾಗ ಹುಡುಕಿದೆವು. ಸಿಕ್ಕ ಜಾಗ ನಮಗೆ ಎಟುಕುತ್ತಿರಲಿಲ್ಲ, ಎಟುಕಿದ ಜಾಗಕ್ಕೆ ಜನ ಬರುವಂತಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಕಡೆಗೆ ಕಣ್ಣಿಗೆ ಬಿದ್ದದ್ದು ನಮ್ಮದೇ ಮನೆಯ ಪಡಸಾಲೆ. ರಸ್ತೆಗೆ ಬಾಗಿಲು, ಒಳ್ಳೆ ಗಾಳಿ, ಹಿಂದೆ ಅಡಿಗೆಮನೆ. ಅದರ ನಡುವೆ ಮಾತ್ರ ಮಗ್ಗ.

ನಾನು ಕೇಳಲಿಲ್ಲ. ಕೇಳಲು ನಾಲಿಗೆ ಏಳಲಿಲ್ಲ, ಶಿಗ್ಲಿಯ ಫರಸಿ ನೆನಪಿಗೆ ಬರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಗಂಡನೇ ಮಾತು ತೆಗೆದರು. ಮಾವನವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಾಸು ಮುಗೀಲಿ, ನೋಡೂಣು," ಎಂದರು.

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ಒಂದು ಹಾಸಿನಲ್ಲಿ ಕೆಲವು ಸೀರೆ ಇಳಿಯುತ್ತವೆ. ಮುಗಿದಾಗ ನೇಕಾರರು ಎಳೆಗಳನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಮಗ್ಗದಲ್ಲೇ ಉಳಿಸಿಕೊಂಡು, ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸುತ್ತಾರೆ. ಕೆಚ್ಚುವುದು ಎಂದು ಅದಕ್ಕೆ ಹೆಸರು. ಹಾಗೆ ಹಳೆಯದರ ಬೆನ್ನು ಹಿಡಿದು ಹೊಸದು ಬರುತ್ತದೆ, ಮಗ್ಗ ಬರಿದಾಗುವುದಿಲ್ಲ. ಮಗ್ಗ ಬರಿದಾಗಬಾರದು ಎನ್ನುವುದು ನಮ್ಮಲ್ಲಿ ದೀಪ ಆರಬಾರದು ಎಂದಷ್ಟೇ ದೊಡ್ಡ ಮಾತು. ತಮ್ಮ ಅಪ್ಪ ಹೂಡಿದ ದಿನದಿಂದ ಈ ಮಗ್ಗ ಒಮ್ಮೆಯೂ ಬರಿದಾಗಿಲ್ಲ ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಹಾಸು ಮುಗಿಯುವುದನ್ನು ಕಾದೆ. ನೇಯ್ದ ಸೀರೆ ಸುತ್ತಿಕೊಳ್ಳುವುದನ್ನು ದಿನವೂ ಓರೆಗಣ್ಣಲ್ಲಿ ನೋಡುತ್ತಿದ್ದೆ. ಮನಸ್ಸಿನಲ್ಲೇ ಪಡಸಾಲೆಗೆ ಟೇಬಲ್ಲು ಹಾಕುತ್ತಿದ್ದೆ, ತೆಗೆಯುತ್ತಿದ್ದೆ. ಹಾಸು ಮುಗಿಯಿತು. ಮರುದಿನ ಬೇಕರಿಯಿಂದ ಬಂದಾಗ ಮಾವನವರು ಅತ್ತೆಯೊಡನೆ ಹೊಸ ಹಾಸು ಕೆಚ್ಚಲು ಕೂತಿದ್ದರು.

ಇಬ್ಬರೂ ಎದುರುಬದುರು ಕೂತಿದ್ದರು. ಅತ್ತೆ ಎಳೆ ಆರಿಸಿ ಕೊಡುವುದು, ಮಾವ ಬೂದಿ ಹಚ್ಚಿದ ಬೆರಳಲ್ಲಿ ಅದನ್ನು ಹಳೆಯ ತುದಿಗೆ ತಿರುವಿ ಕೂಡಿಸುವುದು. ಸಾವಿರಾರು ಎಳೆ. ತಲೆಗೆ ತಲೆ ತಾಗುವಷ್ಟು ಹತ್ತಿರ ಬಾಗಿ ಏನೋ ಮೆಲ್ಲಗೆ ಮಾತಾಡುತ್ತಿದ್ದರು, ನಡುನಡುವೆ ಅತ್ತೆ ನಗುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು. ಇಬ್ಬರೂ ಕೂಡಿ ನನ್ನ ಆಸೆಗೆ ಅಡ್ಡಗಾಲು ಹಾಕುತ್ತಿದ್ದಾರೆ ಎಂದೇ ನಾನು ತಿಳಿದುಕೊಂಡೆ. ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಎಷ್ಟೋ ದಿನ ಮಾವನವರಿಗೆ ಚಹಾ ಕೊಡುವಾಗ ಲೋಟವನ್ನು ಕೈಗೆ ಕೊಡದೆ ದಂಡೆಯ ಮೇಲೆ ಇಟ್ಟು ಬಂದೆ. ಅತ್ತೆ ಎಲ್ಲ ನೋಡುತ್ತಿದ್ದರು. ಒಮ್ಮೆ ಮಾತ್ರ, ರಾಟಿ ತಿರುವುತ್ತಾ, ತಡಿ, ಎಲ್ಲಾದಕ್ಕೂ ಒಂದು ಹೊತ್ತು ಬರುತ್ತದೆ ಎಂದರು.

ಆ ಹಾಸು ಅರ್ಧ ಮುಗಿದಿರುವಾಗ ಅತ್ತೆ ತೀರಿಕೊಂಡರು. ಬಹಳ ದಿನದ ಜಡ್ಡೇನೂ ಅಲ್ಲ. ಎದೆಯಲ್ಲಿ ಉರಿ ಎಂದು ಮಲಗಿದವರು ಏಳಲಿಲ್ಲ. ದಿನಕರ್ಮ ಮುಗಿದು ಬೀಗರು ಬಿಜ್ಜರು ಊರಿಗೆ ಹೋದ ಮೇಲೆ ಒಂದು ಬೆಳಗ್ಗೆ ಮಗ್ಗದ ಸಪ್ಪಳ ಕೇಳಿಸಿತು. ಮಾವನವರು ಕುಣಿಗೆ ಇಳಿದಿದ್ದರು. ಪಕ್ಕದಲ್ಲಿ ಅತ್ತೆ ಸುತ್ತಿಟ್ಟ ಕಂಡಿಕೆಗಳ ಬುಟ್ಟಿ.

ಆ ಬುಟ್ಟಿ ಇರುವ ತನಕ ಅವರು ನೇಯ್ದರು. ಕೈ ಬಹಳ ನಿಧಾನವಾಗಿತ್ತು. ಒಂದೊಂದು ಕಂಡಿಕೆಯನ್ನು ಲಾಳಿಗೆ ಹಾಕುವ ಮೊದಲು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಬುಟ್ಟಿ ಬರಿದಾದ ದಿನ ಸಪ್ಪಳ ನಿಂತಿತು. ಸೀರೆ ನಡುವಿನಲ್ಲೇ ನಿಂತಿತ್ತು, ಸೆರಗು ಇನ್ನೂ ಬಂದಿರಲಿಲ್ಲ. ಅವರು ಕುಣಿಯಿಂದ ಏಳಲಿಲ್ಲ, ಊಟಕ್ಕೆ ಕರೆದರೂ ಬರಲಿಲ್ಲ. ಗಂಡ ಹೇಳಿ ನೋಡಿದರು, ಕೇಳಲಿಲ್ಲ.

ಇದು ಹೀಗೇ ನಿಂತರೆ ಮಗ್ಗ ತಾನಾಗಿಯೇ ಹೋಗುತ್ತದೆ ಎಂದು ನನ್ನ ತಲೆಯ ಒಂದು ಮೂಲೆ ಲೆಕ್ಕ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಕೈ ನೋಡಿದೆ. ಬರಿಯ ಲಾಳಿ ಹಿಡಿದುಕೊಂಡು ಕೂತಿದ್ದರು. ನಾನು ಹಿಟ್ಟಿನ ಕೈ ತೊಳೆದುಕೊಂಡು ಬಂದು ಅತ್ತೆಯ ರಾಟಿಯ ಮುಂದೆ ಕೂತೆ. ಶಿಗ್ಲಿಯಲ್ಲಿ ಅಪ್ಪನಿಗೆ ಸುತ್ತಿಕೊಟ್ಟ ಕೈ, ಮರೆತಿರಲಿಲ್ಲ. ಮೊದಲ ಕಂಡಿಕೆ ಸುತ್ತಿ ಬುಟ್ಟಿಯಲ್ಲಿಟ್ಟೆ. ಅವರು ತೆಗೆದುಕೊಂಡು ಸವರಿ ನೋಡಿದರು, ಒಂದಿಷ್ಟು ಸಡಿಲಾಯಿತು ಎಂದರು, ಲಾಳಿಗೆ ಹಾಕಿದರು. ಆ ಸಪ್ಪಳ ಮತ್ತೆ ಶುರುವಾದಾಗ ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಬೇಕರಿಗೆ ಹೋಗುವ ಮೊದಲು, ಬಂದ ಮೇಲೆ, ಕಂಡಿಕೆ ಸುತ್ತುತ್ತಾ ಹೋದೆ. ಸೆರಗೂ ಬಂತು, ಮತ್ತೊಂದು ಸೀರೆಯೂ ಬಂತು, ಹಾಸು ಮುಗಿಯಿತು. ಕಡೆಯ ಸೀರೆಯನ್ನು ಕೊಯ್ದು ತೆಗೆದು ಮಡಚಿಟ್ಟರು. ಮಗ್ಗದಲ್ಲಿ ಹಳೆಯ ಹಾಸಿನ ತುದಿಗಳಷ್ಟೇ ಜೋತಾಡುತ್ತಿದ್ದವು. ಮಾವನವರು ಅವನ್ನೇ ನೋಡುತ್ತಾ ಕೂತಿದ್ದರು. ಆಗ ನನ್ನ ಬಾಯಿಂದ ನಾನೇ ನಿರೀಕ್ಷಿಸದ ಮಾತು ಬಂತು.

"ಹೊಸಾ ಹಾಸು ತರಸ್ರಿ ಮಾವಾರ. ಕೆಚ್ಚೂಣು. ನಾ ಎದುರ ಕುಂತು ಎಳಿ ಕೊಡ್ತೀನಿ."

ಅವರು ಜೋತಾಡುವ ಎಳೆಗಳ ಮೇಲೆ ಒಮ್ಮೆ ಕೈಯಾಡಿಸಿದರು.

"ಬ್ಯಾಡವಾ," ಎಂದರು. "ಆಕಿ ಇದ್ದಾಗ ಹಾಸು ಮುಗೀತಂದ್ರ ನನಗ ಖುಷಿ ಆಗ್ತಿತ್ತು. ಕೆಚ್ಚಾಕ ಕುಂತಾಗಷ್ಟ ನಾವಿಬ್ರೂ ಎದುರಾಬದುರಾ ಕುಂದರ್ತಿದ್ವಿ. ಉಳಿದ ಜನ್ಮೆಲ್ಲಾ ಆಕಿ ರಾಟಿಗೆ ಮುಖಾ ಮಾಡಿ, ನಾ ಮಗ್ಗಕ್ಕ ಮುಖಾ ಮಾಡಿ. ನಾ ಮಗ್ಗಾ ಬಿಡಲಾರದ್ದು ಅದಕ್ಕ. ನಿನ್ನ ಹಾದಿಗೆ ಅಡ್ಡ ಬರಬೇಕಂತ ಅಲ್ಲ."

ನಾನು ಕಂಬ ಹಿಡಿದು ನಿಂತೆ. ಆ ದಿನ ಅವರಿಬ್ಬರೂ ತಲೆಗೆ ತಲೆ ತಾಗಿಸಿ ಕೂತದ್ದು, ಅತ್ತೆ ನಕ್ಕದ್ದು, ನನ್ನನ್ನು ಕಂಡು ಸುಮ್ಮನಾದದ್ದು ಎಲ್ಲ ಕಣ್ಣ ಮುಂದೆ ಬಂತು. ಮುದಿವಯಸ್ಸಿನಲ್ಲಿ ಸೊಸೆಯ ಎದುರು ನಾಚಿಕೊಂಡು ಸುಮ್ಮನಾದವರನ್ನು ನಾನು ಪಿತೂರಿಗಾರರೆಂದು ತಿಳಿದುಕೊಂಡಿದ್ದೆ. ಮಾವನವರು ಕತ್ತರಿ ಕೇಳಿದರು. ನಾನು ತಂದುಕೊಡಲಿಲ್ಲ, ಅವರೇ ಎದ್ದು ಹೋಗಿ ತಂದರು. ಜೋತಾಡುತ್ತಿದ್ದ ಎಳೆಗಳನ್ನು ಹಿಡಿಹಿಡಿಯಾಗಿ ಕತ್ತರಿಸಿದರು. ಬರಿದಾದ ಮಗ್ಗಕ್ಕೆ ಕೈಮುಗಿದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡರು.

ಮಗ್ಗದ ಕಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದೆವು. ನೆಲ ಸರಿಮಾಡಲು ಗೌಂಡಿ ಬಂದ. ಅವನ ಹಿಂದೆಯೇ ಗರಸಿನ ಟ್ರ್ಯಾಕ್ಟರೂ ಬಂದು ಬಾಗಿಲಿಗೆ ನಿಂತಿತು, ಗಂಡ ಹೇಳಿ ಕಳಿಸಿದ್ದರು. ಮಾವನವರು ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ಹೋಗಿ ಕೂತಿದ್ದರು. ಕಾಲು ಚಾಚುತ್ತಿದ್ದರು, ಮಡಚುತ್ತಿದ್ದರು, ಮತ್ತೆ ಚಾಚುತ್ತಿದ್ದರು. ನನಗೆ ಅಪ್ಪನೇ ಕೂತ ಹಾಗೆ ಕಂಡಿತು. ಡ್ರೈವರ್ ಟ್ರಾಲಿ ಎತ್ತುವ ಮೊದಲೇ ಅಡ್ಡ ನಿಂತು ಗಾಡಿ ತಿರುಗಿಸಲು ಹೇಳಿದೆ. ಗಂಡ ಬಂದು, ಗಿರಾಕಿಗಳು ಬಂದು ಅದರಲ್ಲಿ ಬಿದ್ದರೆ ಯಾರು ಹೊಣೆ ಎಂದರು. ಬಿದ್ದರೆ ನಾನೇ ಎತ್ತುತ್ತೇನೆ, ಈ ಗರಸು ಮಾತ್ರ ನನ್ನ ಹೊಸ್ತಿಲು ದಾಟಬಾರದು ಎಂದೆ. ಅತ್ತೆಗೆ ತತ್ತಿ ಹೇಗೋ ನನಗೆ ಗರಸು ಹಾಗೆ. ಗೌಂಡಿ ತಲೆ ಕೆರೆದುಕೊಂಡು, ಕುಣಿಯ ಮೂರು ಬದಿಗೆ ಕಟ್ಟಿಗೆಯ ಕಟಾಂಜನ ಹಾಕಿಕೊಟ್ಟ. ಅದಕ್ಕೆ ಒಂದು ಮೇಜು ಕಡಿಮೆ ಹಾಕಬೇಕಾಯಿತು.

ಹೋಟೆಲ್ ತೆರೆದ ದಿನ ಬೆಳಗ್ಗೆ ಪೂಜೆ ಮುಗಿದಿತ್ತು. ಮೊದಲ ಭಟ್ಟಿಯ ಜೋಳದ ಕೇಕು ತೆಗೆದಿದ್ದೆ, ಗಿರಮಿಟ್ಟಿಗೆ ಮಂಡಕ್ಕಿ ಕಲಸುತ್ತಿದ್ದೆ. ಲಕ್ಷ್ಮೇಶ್ವರದ ಒಂದು ಮನೆಯವರಿಗೆ ಪೆಟ್ಟಿಗೆಯಲ್ಲಿ ಕಟ್ಟಿಕೊಡಬೇಕಾದ ಕೇಕು ಒಂದಿತ್ತು. ನೋಡಿದರೆ ಮಾವನವರು ಯಾರಿಗೂ ಹೇಳದೆ ಕುಣಿಗೆ ಇಳಿದು, ದಂಡೆಯ ಮೇಲೆ ತಮ್ಮ ಜಾಗದಲ್ಲಿ ಕೂತಿದ್ದರು. ತೊಡೆಯ ಮೇಲೆ ನೂಲಿನ ಉಂಡೆ. ಉಳಿದ ನೂಲನ್ನು ಅವರು ಎಸೆದಿರಲಿಲ್ಲ. ಪೆಟ್ಟಿಗೆ ಇಲ್ಲಿ ಕೊಡು ಎಂದು ಕೈಸನ್ನೆ ಮಾಡಿದರು. ಕೊಟ್ಟೆ. ಹಲಗೆಯ ಮೇಲಿಟ್ಟುಕೊಂಡು, ನೂಲನ್ನು ಒಂದು ಸುತ್ತು ಸುತ್ತಿ ಹಾಗೇ ಹಿಡಿದುಕೊಂಡು ಕೂತರು. ನಾನು ಒಳಗೆ ಹೋಗಲು ತಿರುಗಿದೆ.

"ಎಲ್ಲಿ ಹೊಂಟಿ?" ಎಂದರು. "ಎದುರ ಕುಂಡ್ರು. ಎಳಿ ಕೊಡು."

ಅತ್ತೆ ಕೂರುತ್ತಿದ್ದ ಜಾಗವದು. ಅವರು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ, ನೆಲ ಒರೆಸುವಾಗಲೂ ನಾನು ಅಲ್ಲಿ ಮಾತ್ರ ನಿಂತು ಬಾಗಿ ಒರೆಸುತ್ತಿದ್ದೆ. ಬಾಗಿಲಲ್ಲಿ ಗಿರಾಕಿಗಳು ನಿಂತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ, ನೂಲಿನ ತುದಿ ಹಿಡಿದು ಅವರ ಕೈಗೆ ಕೊಟ್ಟೆ.